ಮಳೆ ಪುಸ್ತಕ ಮುಂದಿಟ್ಟುಕೊಂಡು ಸಾಧನೆ ತಿದ್ದುವುದು

ಇಂಟ್ಯೂಷನಿಸ್ಟಿಕ್ ತರ್ಕದಲ್ಲಿ ಒಂದು ಮಾತು ನಿಜ ಎನ್ನಲು ಅದರ ಸಾಧನೆ (ಪ್ರೂಫ್) ಕೈಯಲ್ಲಿರಬೇಕು; 'ಪ ಅಥವಾ ಪ ಅಲ್ಲ' ಎಂಬುದೂ ಸುಮ್ಮನೆ ಸಿಗುವುದಿಲ್ಲ. ಇದಕ್ಕೆ ಹೊಸದಾಗಿ ಬಂದವರು 'ಹಾಗೆಂದುಕೊಳ್ಳೋಣ' ಎಂಬ ಸಾಲು ಕಂಡಲ್ಲೆಲ್ಲ ಕೆಂಪು ಗೀಟು ಎಳೆಯುತ್ತಾರೆ. √2 ಅಭಾಗಲಬ್ಧ ಎಂಬ ಹೈಸ್ಕೂಲಿನ ಸಾಧನೆಗೂ ಎಳೆದುಬಿಡುತ್ತಾರೆ. ಅಲ್ಲಿ ಗೀಟು ಬೇಡ. ಅಭಾಗಲಬ್ಧ ಎಂದರೇ 'ಭಾಗಲಬ್ಧ ಅಲ್ಲ'. 'ಪ ಅಲ್ಲ' ಎಂದು ತೋರಿಸಲು ಪ ಇದೆ ಎಂದುಕೊಂಡು ಅಸಂಬದ್ಧಕ್ಕೆ ತಲುಪುವುದು ಈ ತರ್ಕದ ಮೂಲಪುರುಷ ಬ್ರೌವರ್‌ಗೂ ಒಪ್ಪಿಗೆ, ಏಕೆಂದರೆ 'ಪ ಅಲ್ಲ', ಚಿಹ್ನೆಯಲ್ಲಿ ¬ಪ, ಎಂಬುದರ ಅರ್ಥವೇ ಅದು. ತಕರಾರು ಇರುವುದು ಎದುರು ದಿಕ್ಕಿಗೆ: ಬೇಕಾದದ್ದು ಪ, ಊಹಿಸಿದ್ದು ¬ಪ, ಬಂದದ್ದು ವೈರುಧ್ಯ. ಆಗ ಕೈಗೆ ಸಿಕ್ಕಿದ್ದು ¬¬ಪ ಮಾತ್ರ, ಪ ಅಲ್ಲ.

ಹಾಗಾಗಿ ನಾನು ಹುಡುಕುವುದು ಬೇರೆ ಎರಡು ಮಾತನ್ನು: 'ಅಥವಾ' ಮತ್ತು 'ಒಂದು ಇದೆ'. ಪೆನ್ಸಿಲ್ ಹಿಡಿದು ಸಾಧನೆಯನ್ನು ಕೊನೆಯಿಂದ ಮೊದಲಿಗೆ ಓದುತ್ತೇನೆ. 'ಅಥವಾ' ಬಂದಲ್ಲಿ 'ಯಾವುದು?', 'ಇದೆ' ಬಂದಲ್ಲಿ 'ಎಲ್ಲಿ, ತೋರಿಸು' ಎಂದು ಪಕ್ಕದಲ್ಲಿ ಬರೆಯುತ್ತೇನೆ. ಹೇಯ್ಟಿಂಗ್ ಮತ್ತು ಕೊಲ್ಮೊಗೊರೊವ್ ಎಂಬ ಗಣಿತಜ್ಞರು 1930ರ ಆಸುಪಾಸಿನಲ್ಲಿ ಈ ಮಾತುಗಳಿಗೆ ಕೊಟ್ಟ ಅರ್ಥವನ್ನೇ ಹೀಗೆ ಅಂಚಿನ ಟಿಪ್ಪಣಿ ಮಾಡಿಕೊಂಡಿದ್ದೇನೆ, ಅಷ್ಟೆ.

ಎಲ್ಲ 'ಅಥವಾ'ವೂ ಅನುಮಾನಾಸ್ಪದವಲ್ಲ. ನಾನೂರು ಅರೇಬಿಕಾ ಕಾಫಿ ಗಿಡಗಳ ಬ್ಲಾಕಿನಲ್ಲಿ ಬೋರರ್ (ಕಾಂಡ ಕೊರೆಯುವ ಹುಳ) ಹಿಡಿದ ಗಿಡ ಇದೆಯೋ ಇಲ್ಲವೋ ಎಂದರೆ ಕಾಂಡ ನೋಡುತ್ತಾ ಸಾಲು ಮುಗಿಸಿದರೆ ಉತ್ತರ ಸಿಗುತ್ತದೆ. ಒಂದು ಸಂಖ್ಯೆ ಸಮವೋ ಬೆಸವೋ ಎಂಬುದೂ ಹಾಗೆಯೇ, ಎರಡರಿಂದ ಭಾಗಿಸಿದರೆ ಮುಗಿಯಿತು. ಬ್ರೌವರ್ 1908ರಲ್ಲಿ ತಗಾದೆ ಎತ್ತಿದ್ದು ಇಂಥ ಸಾಂತ ಗುಂಪಿನ ನಿಯಮವನ್ನು ಅನಂತಕ್ಕೂ ಸಲೀಸಾಗಿ ಎಳೆದು ತಂದಿದ್ದಕ್ಕೆ.

ತಿದ್ದುವ ಕೆಲಸ ಹೇಗಿರುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಯೇ ಸಾಕು. aಯ ಘಾತ b ಭಾಗಲಬ್ಧವಾಗುವಂಥ ಎರಡು ಅಭಾಗಲಬ್ಧ ಸಂಖ್ಯೆಗಳು ಇವೆ. ಸಾಮಾನ್ಯ ಸಾಧನೆ: √2^√2 ಭಾಗಲಬ್ಧವಾದರೆ ಅದೇ ಉತ್ತರ, ಅಲ್ಲವಾದರೆ ಅದನ್ನು ಮತ್ತೆ √2 ಘಾತಕ್ಕೆ ಏರಿಸಿ, 2 ಬರುತ್ತದೆ. ಅಂಚಿನಲ್ಲಿ 'ಯಾವುದು?' ಎಂದು ಬರೆದರೆ ಸಾಧನೆ ಬಾಯಿ ಬಿಡುವುದಿಲ್ಲ. 1934ರ ಗೆಲ್ಫಾಂಡ್–ಶ್ನೈಡರ್ ಪ್ರಮೇಯ ಬಳಸಿದರೆ ಎರಡನೆಯದೇ ಸರಿ ಎಂದು ತಿಳಿಯುತ್ತದೆ, ಆದರೆ ಇಷ್ಟು ಸಣ್ಣ ಕೆಲಸಕ್ಕೆ ಅಷ್ಟು ದೊಡ್ಡ ಯಂತ್ರ ಬೇಡ. a = √2, b = log₂9 ಇಡಿ; ಘಾತ ಸರಿಯಾಗಿ 3. log₂9 = m/n ಆದರೆ 2^m = 9^n; ಒಂದು ಕಡೆ ಸಮ, ಇನ್ನೊಂದು ಕಡೆ ಬೆಸ. ಇಲ್ಲಿ ಇನ್ನೊಂದು ಲಾಭವೂ ಇದೆ: 2^m, 9^n ಎರಡೂ ಪೂರ್ಣಾಂಕಗಳು, ಆದ್ದರಿಂದ ಕನಿಷ್ಠ 1ರಷ್ಟು ದೂರ ಇದ್ದೇ ಇರುತ್ತವೆ. log₂9 ಪ್ರತಿಯೊಂದು m/nನಿಂದ ಎಷ್ಟು ದೂರ ಎಂಬ ಲೆಕ್ಕವೂ ಅದರಿಂದಲೇ ಸಿಗುತ್ತದೆ. 'ಸಮವಲ್ಲ' ಎಂಬುದಕ್ಕಿಂತ 'ಇಷ್ಟು ದೂರ ಇದೆ' ಎಂಬುದು ಗಟ್ಟಿ ಮಾತು.

ಇನ್ನು ಎಕ್ಸ್‌ಕ್ಲೂಡೆಡ್ ಮಿಡಲ್, ಅಂದರೆ ಪ ∨ ¬ಪ ('ಪ ಅಥವಾ ಪ ಅಲ್ಲ'), ಈ ತರ್ಕದಲ್ಲಿ ಸಾಧಿಸಲು ಆಗುವುದಿಲ್ಲ ಎಂದು ತೋರಿಸುವುದು. ಇದಕ್ಕೆ ತರ್ಕಶಾಸ್ತ್ರಜ್ಞ ಕ್ರಿಪ್ಕಿ 1965ರಲ್ಲಿ ಪ್ರಕಟಿಸಿದ ಮಾದರಿ ಬೇಕು, ಮತ್ತು ಕೊಡಗಿನಲ್ಲಿ ಆ ಮಾದರಿ ಎಷ್ಟೋ ಮನೆಗಳಲ್ಲಿ ಇದೆ: ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ದಿನಾ ಬೆಳಿಗ್ಗೆ ಬರೆಯುವ ಮಳೆ ಪುಸ್ತಕ. ಒಂದೊಂದು ಪುಟವೂ ಒಂದು ಸ್ಥಿತಿ, ಅಂದರೆ ಅಲ್ಲಿಯವರೆಗೆ ಗೊತ್ತಾದದ್ದು. ಪ ಎಂದರೆ 'ಈ ವರ್ಷದ ಒಟ್ಟು ಮಳೆ ನೂರು ಇಂಚು ದಾಟಿತು'. ಒಮ್ಮೆ ದಾಟಿದ್ದು ಮುಂದಿನ ಪುಟದಲ್ಲಿ ಹಿಂದೆ ಬರುವುದಿಲ್ಲ. ಮಾದರಿಗೆ ಬೇಕಾದ ಮೊದಲ ನಿಯಮ ಅದೇ. ಎರಡನೆಯದು, ಒಂದು ಪುಟದಲ್ಲಿ ¬ಪ ಬರೆಯಬೇಕಾದರೆ ಇಲ್ಲಿಂದ ಮುಂದೆ ಸಾಧ್ಯವಿರುವ ಯಾವ ಪುಟದಲ್ಲೂ ಪ ಇರಬಾರದು.

ಜುಲೈ ಮಧ್ಯದ ಒಂದು ಪುಟ ತೆಗೆಯಿರಿ, 62 ಇಂಚು 40 ಸೆಂಟ್. ಪ ಇಲ್ಲ. ¬ಪ ಕೂಡ ಇಲ್ಲ, ಏಕೆಂದರೆ ಮುಂದೆ ದಾಟಬಹುದು. ಪ ∨ ¬ಪ ಬಿತ್ತು. ಭಾಗಮಂಡಲದ ಕಡೆಯ ಪುಸ್ತಕದಂತೆ ಮುಂದಿನ ದಾರಿಗಳೆಲ್ಲ ನೂರು ದಾಟುವಂಥವೇ ಆದರೆ ಈ ಪುಟದಲ್ಲಿ ¬¬ಪ ಇದೆ, ಪ ಇನ್ನೂ ಇಲ್ಲ; ¬¬ಪ → ಪ ('¬¬ಪ ಆದರೆ ಪ') ಸಹ ಬಿತ್ತು. ಒಂದು ದಾರಿಯಲ್ಲಿ ದಾಟಿ, ಇನ್ನೊಂದರಲ್ಲಿ ದಾಟದೆ ವರ್ಷ ಮುಗಿಯುವಂತೆ ಕವಲು ಬರೆದರೆ ¬ಪ ∨ ¬¬ಪ ಕೂಡ ನಿಲ್ಲುವುದಿಲ್ಲ. ಚಿತ್ರದಲ್ಲಿ ಕವಲು ಮರೆತು ಒಂದೇ ಗೆರೆ ಎಳೆದವರಿಗೆ ಈ ಮೂರನೆಯದು ಎಷ್ಟು ತಿಣುಕಿದರೂ ಬೀಳುವುದಿಲ್ಲ.

'ಡಿಸೆಂಬರ್ 31ಕ್ಕೆ ಗೊತ್ತಾಗಿಯೇ ಆಗುತ್ತದಲ್ಲ' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಕೊನೆಯ ಪುಟದಲ್ಲಿ ಎಲ್ಲವೂ ಇತ್ಯರ್ಥ, ಆದ್ದರಿಂದ ಯಾವ ಪುಟದಲ್ಲೂ ¬(ಪ ∨ ¬ಪ) ಎಂದು ಬರೆಯಲಾಗದು. ಕೊನೆಯ ಪುಟ ಇಲ್ಲದ ಪುಸ್ತಕಕ್ಕೂ ಇದು ನಿಲ್ಲುತ್ತದೆ, ಸಾಧನೆ ಹೀಗೆ. ಹ ಎಂದರೆ ¬(ಪ ∨ ¬ಪ) ಎಂಬ ಊಹೆ. ಅಸಂಬದ್ಧ ಕೊಡುವುದು ಹ ಒಂದೇ, ಅದಕ್ಕೆ ಪ ∨ ¬ಪ ಉಣಿಸಬೇಕು. ಎಡಬದಿ ನಮ್ಮಲ್ಲಿಲ್ಲ, ಬಲಬದಿ ಕಟ್ಟೋಣ: ಪ ಸಿಕ್ಕಿತೆಂದುಕೊಳ್ಳಿ, ಅದನ್ನು ಎಡಬದಿಯಾಗಿ 'ಹ'ಗೆ ಕೊಡಿ, ಅಸಂಬದ್ಧ. ಅಲ್ಲಿಗೆ ¬ಪ ಕೈಗೆ ಬಂತು. ಈಗ ಅದನ್ನು ಬಲಬದಿಯಾಗಿ ಮತ್ತೆ 'ಹ'ಗೆ ಕೊಡಿ. ಹ ಎರಡು ಸಲ ಬಳಕೆಯಾಯಿತು. ಒಂದೇ ಸಲಕ್ಕೆ ಮುಗಿಸಲು ಹೊರಟವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಗಣಿತಜ್ಞ ಗ್ಲಿವೆಂಕೊ 1929ರಲ್ಲಿ ಸಾಧಿಸಿದ್ದು ಇದರ ದೊಡ್ಡ ರೂಪ: ಸಾಮಾನ್ಯ ತರ್ಕದಲ್ಲಿ ಸಾಧಿಸಬಹುದಾದ ಪ್ರತಿ ಸೂತ್ರವನ್ನೂ ಮುಂದೆ ¬¬ ಹಾಕಿದರೆ ಇಂಟ್ಯೂಷನಿಸ್ಟಿಕ್ ತರ್ಕದಲ್ಲಿಯೂ ಸಾಧಿಸಬಹುದು. ಇದು 'ಎಲ್ಲ', 'ಇದೆ' ಇಲ್ಲದ ಸೂತ್ರಗಳಿಗೆ ಮಾತ್ರ. ಈ ಎಚ್ಚರಿಕೆ ಮರೆತು ಕೆಟ್ಟ ಸಾಧನೆಗಳು ಬಹಳ. ವರ್ಷಾಂತ್ಯವೇ ಇಲ್ಲದ, ಒಟ್ಟು ಮಳೆ ಬೆಳೆಯುತ್ತಲೇ ಹೋಗುವ ಪುಸ್ತಕ ಊಹಿಸಿ. ಪ(ಕ) ಎಂದರೆ 'ಒಟ್ಟು ಕ ಇಂಚು ದಾಟಿತು'. ಯಾವ ಪುಟ ತೆಗೆದರೂ ಇನ್ನೂ ದಾಟದ ಒಂದು ಕ ಇದೆ, ಆದರೆ ಮುಂದೆ ದಾಟುವುದರಿಂದ ¬ಪ(ಕ) ಅನ್ನುವಂತಿಲ್ಲ. ಹಾಗಾಗಿ 'ಎಲ್ಲ ಕಗೂ ಪ(ಕ) ∨ ¬ಪ(ಕ)' ಎಂಬುದು ಯಾವ ಪುಟದಲ್ಲೂ ನಿಲ್ಲದು. ಅದರ ನಿಷೇಧ ಎಲ್ಲ ಪುಟದಲ್ಲೂ ನಿಲ್ಲುತ್ತದೆ. ಮುಂದೆ ¬¬ ಹಾಕಿದರೂ ಅದು ಬದುಕುವುದಿಲ್ಲ.

ಮಳೆಗಾಲದಲ್ಲಿ ಕರೆಂಟ್ ಹೋದರೆ ಕಾಗದವೇ ಗತಿ. ಇದ್ದಾಗ ತಿದ್ದಿದ ಸಾಧನೆಯನ್ನು ಸಾಧನೆ ಪರೀಕ್ಷಿಸುವ ತಂತ್ರಾಂಶ ಲೀನ್ 4ರಲ್ಲಿ ಬರೆದು, ಕೊನೆಯಲ್ಲಿ ಅದು ಯಾವ ಆಕ್ಸಿಯಮ್ (ಸಾಧನೆಯಿಲ್ಲದೆ ಒಪ್ಪಿದ ಮಾತು) ಬಳಸಿದೆ ಎಂದು ಪಟ್ಟಿ ಮಾಡುವ 'ಪ್ರಿಂಟ್ ಆಕ್ಸಿಯಮ್ಸ್' ಆಜ್ಞೆ ಕೊಡುತ್ತೇನೆ. ಎಕ್ಸ್‌ಕ್ಲೂಡೆಡ್ ಮಿಡಲ್ ಎಂಬ ಹೆಸರು ಆ ಪಟ್ಟಿಯಲ್ಲಿ ಎಂದೂ ಬರುವುದಿಲ್ಲ, ಅದನ್ನೇ ಕಾಯುತ್ತ ಕೂರಬೇಡಿ. ಲೀನ್ ಅದನ್ನು ಆಕ್ಸಿಯಮ್ ಎಂದು ಇಟ್ಟುಕೊಂಡಿಲ್ಲ, ಗಣಿತಜ್ಞ ಡಯಾಕೊನೆಸ್ಕು 1975ರಲ್ಲಿ ತೋರಿಸಿದ ದಾರಿಯಲ್ಲಿ ಆಯ್ಕೆಯ ಆಕ್ಸಿಯಮ್ ಆದ ಚಾಯ್ಸ್‌ನಿಂದ ಸಾಧಿಸುತ್ತದೆ. ನೋಡಬೇಕಾದ ಹೆಸರು 'ಕ್ಲಾಸಿಕಲ್ ಚಾಯ್ಸ್'. ಅದು ಕಂಡರೂ ಪ್ರಮೇಯವನ್ನೇ ಕೈಬಿಡಬೇಕಿಲ್ಲ: ಪೂರ್ಣಾಂಕದ ಸಣ್ಣ ಅಸಮತೆಗೆ ಸ್ವಯಂಚಾಲಿತ ತಂತ್ರ ಬಳಸಿದರೂ ಕೆಲವೊಮ್ಮೆ ಚಾಯ್ಸ್ ಒಳಗೆ ಬಂದಿರುತ್ತದೆ. ಆ ಸಾಲನ್ನು ತೆಗೆದು ಇಂಡಕ್ಷನ್‌ನಿಂದ ಕೈಯಾರೆ ಬರೆದು ಮತ್ತೆ ಪಟ್ಟಿ ತೆಗೆಸಿ ನೋಡಿ.