ವಂಶವೃಕ್ಷ ಬಿಡಿಸುವುದು ಹೇಗೆ? ಪದಬಂಧ ಬಿಡಿಸಿದ ಹಾಗೆ!

ಪದಬಂಧದ ಚಟ ಇರುವವರನ್ನು ಗಮನಿಸಿ. ಎಡದಿಂದ ಬಲಕ್ಕೆ ಎಷ್ಟೇ ಸರಿಯಾಗಿ ಕೂತ ಪದವಾದರೂ, ಮೇಲಿನಿಂದ ಕೆಳಕ್ಕೆ ಬರುವ ಪದ ಒಪ್ಪುವ ತನಕ ಪೆನ್ಸಿಲ್‌ನಲ್ಲೇ ಇರುತ್ತದೆ. ಮನೆತನದ ಚರಿತ್ರೆ ಹುಡುಕುವುದಕ್ಕೂ ಇಷ್ಟೇ ವಿದ್ಯೆ ಸಾಕು. ಒಂದು ಕಡೆ ಸಿಕ್ಕ ಹೆಸರನ್ನು ಇನ್ನೊಂದು ಕಡೆಯ ಸಾಕ್ಷಿ ಬಂದು ಮುಟ್ಟಬೇಕು. ಮುಟ್ಟಿದಾಗ ಆಗುವ ಖುಷಿ ಇದೆಯಲ್ಲ, ಅದರಲ್ಲೇನೂ ವ್ಯತ್ಯಾಸವಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ಎಲ್ಲಿಂದ ಶುರು ಮಾಡಬಹುದು, ನೋಡೋಣ.

ಮೊದಲು, ಕೈಯಲ್ಲಿರುವ ಸುಳಿವು

ಹೆಸರಿನ ಮುಂದಿನ ಇನಿಷಿಯಲ್ ನೋಡಿ. ಡಿ.ವಿ. ಗುಂಡಪ್ಪನವರು ಹುಟ್ಟಿದ್ದು 1887ರಲ್ಲಿ, ಮುಳಬಾಗಿಲಿನಲ್ಲಿ. ಆದರೆ ಅವರ ‘ಡಿ’ ದೇವನಹಳ್ಳಿಯದು. ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ ಮುದ್ದೇನಹಳ್ಳಿ ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಇದೆ. ಅವರ ‘ಎಂ’ ಮಾತ್ರ ಈಗಿನ ಆಂಧ್ರಪ್ರದೇಶದ ಮೋಕ್ಷಗುಂಡಂ ಎಂಬ ಊರಿನದು. ಮನೆಯವರು ಎಂದೋ ಬಿಟ್ಟುಬಂದ ಊರು ಹೀಗೆ ಒಂದು ಅಕ್ಷರದಲ್ಲಿ ಉಳಿದಿರುತ್ತದೆ. ಮನೆದೇವರೂ ಹಾಗೆಯೇ. ಸುತ್ತಮುತ್ತ ಅಷ್ಟೊಂದು ದೇವಸ್ಥಾನ ಇರುವಾಗ ನೀವು ಮಾತ್ರ ಮುಡಿ ಕೊಡಲು ದೂರದ ಊರಿಗೆ ಹೋಗುತ್ತೀರಿ ಅಂದರೆ ಸುಮ್ನೆ ಇರಲಿಕ್ಕಿಲ್ಲ. ಆ ಊರಿನ ಹೆಸರು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ.

ಆಮೇಲೆ, ಹಿರಿಯರ ಹತ್ತಿರ

“ತಾತ ಯಾವ ಇಸವಿಯಲ್ಲಿ ಹೋದರು?” ಅಂತ ಕೇಳಿದರೆ ಅಜ್ಜಿ “ಅದೆಲ್ಲ ಯಾರಿಗೆ ಗೊತ್ತಪ್ಪ” ಅಂದುಬಿಡುತ್ತಾರೆ. “ಆಗ ಊರಿಗೆ ಕರೆಂಟ್ ಬಂದಿತ್ತಾ? ದೊಡ್ಡ ಮಾವ ಶಾಲೆಗೆ ಹೋಗುತ್ತಿದ್ದರಾ?” ಅಂತ ಕೇಳಿ. ಉತ್ತರ ತಾನಾಗಿ ಬರುತ್ತದೆ.

ಹಳೆಯ ಜಾತಕದಲ್ಲಿ ಸಂವತ್ಸರ ಇದ್ದರೆ ಅದು ಒಳ್ಳೆಯ ಲೆಕ್ಕ. ಸಂವತ್ಸರಗಳು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ವಿಕ್ರಮ ಅಂದರೆ 2000-01, ಇಲ್ಲವೇ 1940-41, ಇಲ್ಲವೇ 1880-81. ಮಕ್ಕಳು ಹುಟ್ಟಿದ ಕಾಲ ಗೊತ್ತಿದ್ದರೆ ಮೂರರಲ್ಲಿ ಎರಡು ಅಲ್ಲೇ ಬಿದ್ದುಹೋಗುತ್ತವೆ. ಶಾಲೆಯ ದಾಖಲಾತಿಯ ಹುಟ್ಟಿದ ದಿನವನ್ನು ಮಾತ್ರ ಜಾಸ್ತಿ ನಂಬಬೇಡಿ. ಒಂದೇ ಮನೆಯ ಮಕ್ಕಳೆಲ್ಲ ಜೂನ್ ತಿಂಗಳಲ್ಲೇ ಹುಟ್ಟಿದ್ದರೆ ಅದು ಮೇಷ್ಟ್ರ ಕೃಪೆ, ಅಲ್ವಾ?

ಇನ್ನು ತಾಲ್ಲೂಕು ಕಚೇರಿ

ನಿಜವಾದ ಆಟ ಇರುವುದು ರೆಕಾರ್ಡ್ ರೂಮಿನಲ್ಲಿ. ಹೆಸರು ಹಿಡಿದುಕೊಂಡು ಹೋದರೆ ಪ್ರಯೋಜನವಿಲ್ಲ, ಸರ್ವೆ ನಂಬರ್ ಬೇಕು. ಗೊತ್ತಿಲ್ಲದಿದ್ದರೆ ಜಮೀನಿನಲ್ಲಿ ನಿಂತು ಮೊಬೈಲಿನ ದಿಶಾಂಕ್ ಆ್ಯಪ್ ತೆರೆಯಿರಿ. ಕೈಬರಹದ ಹಳೆಯ ಪಹಣಿ ಮತ್ತು ಮ್ಯುಟೇಷನ್ (ಜಮೀನು ಒಬ್ಬರಿಂದ ಇನ್ನೊಬ್ಬರ ಹೆಸರಿಗೆ ಹೋದ ದಾಖಲೆ) ಪ್ರತಿಗೆ ಅರ್ಜಿ ಹಾಕಿ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ. ಆದ್ದರಿಂದ ಚಿಂತಾಮಣಿ, ಶಿಡ್ಲಘಟ್ಟದ ಹಳೆಯ ಕಾಗದದಲ್ಲಿ ‘ಕೋಲಾರ ಜಿಲ್ಲೆ’ ಅಂತ ಇದ್ದರೆ ಗಾಬರಿ ಬೇಡ.

ಈ ಕಾಗದಗಳಲ್ಲಿ ‘ಬಿನ್’ ಅಂದರೆ ಇಂಥವರ ಮಗ, ‘ಕೋಂ’ ಅಂದರೆ ಇಂಥವರ ಹೆಂಡತಿ. ನಮ್ಮ ಕಡೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದರಿಂದ ಮುನಿಯಪ್ಪ ಬಿನ್ ವೆಂಕಟಪ್ಪ, ವೆಂಕಟಪ್ಪ ಬಿನ್ ಮುನಿಯಪ್ಪ ಅಂತ ಸರಪಳಿ ಸಾಗುತ್ತಲೇ ಇರುತ್ತದೆ. ತಲೆ ಕೆಡುವುದು ಇಲ್ಲೇ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ನಿಮ್ಮ ಮುತ್ತಾತ ಮುನಿಯಪ್ಪ ಬಿನ್ ವೆಂಕಟಪ್ಪ. ಅದೇ ಊರಿನ ಮ್ಯುಟೇಷನ್ ಪುಸ್ತಕದಲ್ಲಿ ಆ ಹೆಸರಿನವರು ಇಬ್ಬರು. ಒಬ್ಬರ ಪೌತಿ ಖಾತೆ (ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) 1961ರಲ್ಲಿ ಆಗಿದೆ, ಇನ್ನೊಬ್ಬರದು 1971ರಲ್ಲಿ. ಅಜ್ಜಿ ಮದುವೆಯಾಗಿ ಬಂದಿದ್ದು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ತೀರಿಕೊಂಡ ವರ್ಷ, ಅಂದರೆ 1966. ಆ ಹೊತ್ತಿಗೆ ಅವರ ಮಾವ ಇರಲಿಲ್ಲ. ಹಾಗಾದರೆ 1961ರವರೇ ನಮ್ಮವರು ಅಂತ ಎದ್ದು ಬಂದುಬಿಡಬೇಡಿ. ಪೌತಿ ಖಾತೆಯನ್ನು ಸತ್ತ ಎಷ್ಟೋ ವರ್ಷಕ್ಕೆ ಮಾಡಿಸುವುದು ಮಾಮೂಲಿ. 1971ರವರೂ 1966ಕ್ಕೆ ಮುಂಚೆಯೇ ಹೋಗಿರಬಹುದು.

ಮುಂದಿನ ಸುಳಿವಿಗೆ ಹೋಗಿ. 1971ರ ಖಾತೆ ‘ಲಕ್ಷ್ಮಮ್ಮ ಕೋಂ ಲೇಟ್ ಮುನಿಯಪ್ಪ’ ಅವರಿಗೆ ಬಂದಿದೆ. ಅಜ್ಜಿಯ ಅತ್ತೆ ನಂಜಮ್ಮ. ಬಹಳ ಮಟ್ಟಿಗೆ ತೀರಿತು, ಆದರೆ ಇಬ್ಬರು ಹೆಂಡಿರ ಸಂಸಾರಗಳೂ ಇದ್ದ ಕಾಲ ಅದು. ಮನೆಯ ಟ್ರಂಕಿನಲ್ಲಿರುವ ಹಳೆಯ ಕ್ರಯಪತ್ರ ತೆಗೆದು ಚಕ್ಕುಬಂದಿ (ಜಮೀನಿನ ನಾಲ್ಕೂ ದಿಕ್ಕಿನ ಗಡಿಯ ವಿವರ) ಓದಿ. “ಪೂರ್ವಕ್ಕೆ ವೆಂಕಟರವಣಪ್ಪನವರ ಜಮೀನು” ಅಂತ ಇದೆ. ಪಕ್ಕದ ಜಮೀನು ಎಷ್ಟೋ ಸಲ ಭಾಗವಾದ ಅಣ್ಣತಮ್ಮಂದಿರದೇ ಆಗಿರುತ್ತದೆ. ಅಜ್ಜಿ ಹೇಳುವ ದೊಡ್ಡ ಮಾವನ, ಅಂದರೆ ಅವರ ಮಾವ ಮುನಿಯಪ್ಪನವರ ಅಣ್ಣನ ಹೆಸರೂ ವೆಂಕಟರವಣಪ್ಪ. ಕ್ರಯಪತ್ರದ ಸರ್ವೆ ನಂಬರ್ 1961ರ ಖಾತೆಯದ್ದೇ. ಈಗ ಪೆನ್ ತೆಗೆಯಬಹುದು.

ಸುಡೊಕುವಿಗೆ ಒಂದೇ ಉತ್ತರ ಬರಬೇಕಾದರೆ ಕಡಿಮೆಯೆಂದರೂ 17 ಅಂಕಿ ಕೊಟ್ಟಿರಬೇಕು ಎಂದು 2012ರಲ್ಲಿ ಐರ್ಲೆಂಡಿನ ಗಣಿತಜ್ಞರು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ತೋರಿಸಿದರು. ಮನೆತನದ ಒಗಟಿಗೆ ಅಂಥ ಖಾತ್ರಿಯಿಲ್ಲ. ಕೆಲವು ಮನೆ ಖಾಲಿ ಬಿಡಬೇಕಾಗುತ್ತದೆ. ಅಂದಾಜಿನಲ್ಲಿ ತುಂಬಿದರೆ ಅದರ ಮೇಲಿನದೆಲ್ಲ ತಪ್ಪುತ್ತದೆ.

ಹೆಣ್ಣುಮಕ್ಕಳನ್ನು ಹುಡುಕುವುದು

ಅತ್ಯಂತ ಕಷ್ಟದ ಭಾಗ ಇದು. ಖಾತೆಗೆಂದು ಮಾಡಿಸಿದ ಹಳೆಯ ವಂಶವೃಕ್ಷಗಳಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಟ್ಟುಬಿಟ್ಟಿರುವುದುಂಟು. ಅವರು ಸಿಗುವುದು ಮುಯ್ಯಿ ಪುಸ್ತಕದಲ್ಲಿ. ಮದುವೆಮನೆಯಲ್ಲಿ ಯಾರು ಎಷ್ಟು ಮುಯ್ಯಿ ಹಾಕಿದರು ಎಂದು ಊರಿನ ಹೆಸರಿನ ಸಮೇತ ಬರೆದ ನೋಟ್‌ಬುಕ್ಕು ಕೆಲವರ ಮನೆಯಲ್ಲಿ ಈಗಲೂ ಇದೆ. ಐದು ರೂಪಾಯಿ ಹಾಕಿದವರ ನಡುವೆ ಒಬ್ಬರು ಹಿತ್ತಾಳೆ ಬಿಂದಿಗೆ, ಸೀರೆ ಎರಡೂ ತಂದಿದ್ದರೆ ಅವರು ನೆಂಟಸ್ತಿಕೆಯಲ್ಲಿ ಹತ್ತಿರದವರೇ ಇರಬೇಕು. ಆ ಊರಿನಲ್ಲಿ ವಿಚಾರಿಸಿ. ನನ್ನನ್ನು ಕೇಳಿದರೆ ಪಹಣಿಗಿಂತ ಇದೇ ರುಚಿಯಾದ ಓದು.

ನಕ್ಷೆ ಬರೆಯುವಾಗ ಒಂದು ತೊಡಕು ಬರುತ್ತದೆ. ನಮ್ಮ ಕಡೆ ಅಕ್ಕನ ಮಗಳನ್ನೇ ಮದುವೆಯಾಗುವುದಿತ್ತು. ಆಗ ಒಬ್ಬಳೇ ಹುಡುಗಿ ಒಂದೇ ಮನೆಗೆ ಮೊಮ್ಮಗಳೂ ಹೌದು, ಸೊಸೆಯೂ ಹೌದು. ಮರದ ಕೊಂಬೆ ತಿರುಗಿ ಬಂದು ಅದೇ ಮರಕ್ಕೆ ಸೇರುತ್ತದೆ. ಇಂಥ ಕಡೆ ಆಕೆಯನ್ನು ಎರಡು ಸಲ ಬರೆದು ಇಬ್ಬರನ್ನಾಗಿ ಮಾಡಬೇಡಿ. ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಡಿ. ಎರಡನೇ ಜಾಗದಲ್ಲಿ ನಂಬರ್ ಮಾತ್ರ ಹಾಕಿ ಗೆರೆ ಎಳೆಯಿರಿ, ಮೊದಲನೇ ಜಾಗದಲ್ಲಿ ಹೆಸರಿನ ಪಕ್ಕ ತವರೂರೂ ಇರಲಿ.