ನೂರು ಕಿಲೋ ಗನ್‌ಮೆಟಲ್‌ಗೆ ಒಂದು ಬುಷ್

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ನನ್ನದೊಂದು ಸಣ್ಣ ಎರಕದ ಘಟಕವಿದೆ. ನೂರು ಕಿಲೋ ಹಿಡಿಯುವ ಮೂಸೆಯಲ್ಲಿ ಗುಜರಿ ಗನ್‌ಮೆಟಲ್ (ತಾಮ್ರಕ್ಕೆ ತವರ, ಸೀಸ, ಸತು ಬೆರೆಸಿದ ಮಿಶ್ರಲೋಹ) ಕರಗಿಸಿ ನೀರಿನ ಪಂಪಿಗೆ ಬೇಕಾದ ವಾಲ್ವ್, ಬುಷ್ (ತಿರುಗುವ ದಂಡಕ್ಕೆ ತೊಡಿಸುವ ಲೋಹದ ಬಳೆ) ಮುಂತಾದವನ್ನು ಎರಕ ಹೊಯ್ಯುತ್ತೇವೆ. ಪಕ್ಕದ ಭಟ್ಟಿಯಲ್ಲಿ ಅಲ್ಯೂಮಿನಿಯಂ ಕೆಲಸ ನಡೆಯುತ್ತದೆ. ಗುಜರಿಯಲ್ಲಿ ಏನೇ ಬೆರೆತಿದ್ದರೂ ಬೆಂಕಿ ಅದನ್ನು ಶುದ್ಧ ಮಾಡುತ್ತದೆ ಎಂಬ ನಂಬಿಕೆಯಲ್ಲಿಯೇ ನಾನು ಈ ಉದ್ಯೋಗಕ್ಕೆ ಇಳಿದವನು. ಆ ನಂಬಿಕೆ ಹೋದದ್ದು ವಾಲ್ವ್‌ಗಳ ಒಂದು ತಂಡದಿಂದ.

ರಾಣೆಬೆನ್ನೂರಿನ ಗ್ರಾಹಕರೊಬ್ಬರಿಗಾಗಿ ಹೊಯ್ದ ಆ ವಾಲ್ವ್‌ಗಳು ನೋಡಲು ಚೊಕ್ಕಟವಾಗಿದ್ದವು; ಲೇತಿನ ಮೇಲೆ ಸಲೀಸಾಗಿ ಕೊರೆಯಿಸಿಕೊಂಡವು. ಆದರೆ ನೀರಿನ ಒತ್ತಡದ ಪರೀಕ್ಷೆಗೆ ಇಟ್ಟಾಗ ಅರ್ಧಕ್ಕಿಂತ ಹೆಚ್ಚಿನವುಗಳ ಮೈ ಬೆವರತೊಡಗಿತು. ಬಿರುಕಿಲ್ಲ, ಕಣ್ಣಿಗೆ ಕಾಣುವ ರಂಧ್ರವಿಲ್ಲ, ಗೋಡೆಯ ಮೂಲಕವೇ ನೀರು ಒಸರುತ್ತಿತ್ತು. ನಾವು ಮೊದಲು ಮರಳಿನ ತೇವವನ್ನು ದೂರಿದೆವು. ಆಮೇಲೆ ಹೊಯ್ಯುವ ಉಷ್ಣತೆ ಇಳಿಸಿದೆವು, ರೈಸರ್ (ಎರಕ ಗಟ್ಟಿಯಾಗಿ ಕುಗ್ಗುವಾಗ ಅದಕ್ಕೆ ಲೋಹ ಉಣಿಸುವ ಹೆಚ್ಚುವರಿ ಭಾಗ) ದೊಡ್ಡದು ಮಾಡಿದೆವು, ಕರಗಿದ ಲೋಹದೊಳಗಿನ ಆಮ್ಲಜನಕ ತೆಗೆಯುವ ಫಾಸ್ಫರ್ ಕಾಪರ್ (ಫಾಸ್ಫರಸ್ ಬೆರೆತ ತಾಮ್ರ) ಒಂದಿಷ್ಟು ಹೆಚ್ಚಿಗೆ ಹಾಕಿದೆವು. ಎರಡನೆಯ ಹೊಯ್ಲಿನಲ್ಲಿ ಸೋರುವ ವಾಲ್ವ್‌ಗಳು ಕಡಿಮೆಯಾದವು, ಮೂರನೆಯದರಲ್ಲಿ ಇನ್ನೂ ಕಡಿಮೆ. ನಮ್ಮ ಚಿಕಿತ್ಸೆ ಫಲಿಸಿತೆಂದು ಹಿಗ್ಗಿದೆವು. ಅದು ಎಷ್ಟು ತಪ್ಪು ತಿಳಿವಳಿಕೆಯೆಂಬುದು ಗೊತ್ತಾದದ್ದು, ಮೊದಲ ಹೊಯ್ಲಿನ ತುಂಡನ್ನು ಯಾವ ಲೋಹ ಎಷ್ಟಿದೆ ಎಂದು ತಿಳಿಸುವ ಸ್ಪೆಕ್ಟ್ರೋ ಪರೀಕ್ಷೆಗೆ ಕಳಿಸಿದ ಮೇಲೆ.

ನಾವು ಹೊಯ್ಯುವ ಗನ್‌ಮೆಟಲ್‌ನಲ್ಲಿ ತಾಮ್ರ 85 ಭಾಗ, ತವರ, ಸೀಸ, ಸತು ತಲಾ 5 ಭಾಗ. ವರದಿಯಲ್ಲಿ ಈ ನಾಲ್ಕೂ ಸರಿಯಾಗಿದ್ದವು. ಅಲ್ಯೂಮಿನಿಯಂ ಮಾತ್ರ ಶೇ. 0.025 ಇತ್ತು. ಒತ್ತಡ ತಡೆಯಬೇಕಾದ ಎರಕದಲ್ಲಿ ಅದು ಶೇ. 0.01 ದಾಟಬಾರದು. ಇದೇನು ಮಹಾ ವ್ಯತ್ಯಾಸವೆಂದು ಯಾರಿಗಾದರೂ ಅನ್ನಿಸೀತು, ನನಗೂ ಅನ್ನಿಸಿತ್ತು. ನೂರು ಕಿಲೋಗೆ ಶೇ. 0.01 ಎಂದರೆ ಕೇವಲ 10 ಗ್ರಾಂ. ತಾಮ್ರದ ಇನ್ನೊಂದು ಮಿಶ್ರಲೋಹವಾದ ಅಲ್ಯೂಮಿನಿಯಂ ಬ್ರಾಂಜ್‌ನಲ್ಲಿ ಸುಮಾರು ಶೇ. 10ರಷ್ಟು ಅಲ್ಯೂಮಿನಿಯಂ ಇರುವುದರಿಂದ, ಅದರ 300 ಗ್ರಾಂ ತೂಕದ ಒಂದೇ ಒಂದು ಬುಷ್ ಮೂಸೆಗೆ ಬಿದ್ದರೆ, ಒಂದಿಷ್ಟು ಸುಟ್ಟುಹೋದರೂ, ಇಡೀ ಹೊಯ್ಲನ್ನು ಕೆಡಿಸಲು ಸಾಕು. ಗುಜರಿ ಚೀಲವನ್ನು ನೆಲಕ್ಕೆ ಸುರುವಿ ಹುಡುಕಿದಾಗ ಅಂಥವೇ ಇನ್ನೂ ಎರಡು ಬುಷ್ ಸಿಕ್ಕವು.

ಇಷ್ಟು ಸ್ವಲ್ಪ ಅಲ್ಯೂಮಿನಿಯಂ ಇಷ್ಟೊಂದು ಹಾನಿ ಮಾಡುವುದು ಹೇಗೆ? ಗಾಳಿ ಸೋಕಿದೊಡನೆ ಅದು ಕರಗಿದ ಲೋಹದ ಮೇಲೆ ತೆಳುವಾದ ಆಕ್ಸೈಡ್ ಪೊರೆ ಕಟ್ಟುತ್ತದೆ. ಕೆನೆಗಟ್ಟಿದ ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿದರೆ ಕೆನೆ ಮಡಚಿಕೊಂಡು ಹಾಲಿನೊಳಗೇ ಸೇರುವಂತೆ, ಹೊಯ್ಯುವಾಗ ಈ ಪೊರೆಯೂ ಲೋಹದೊಳಗೆ ಮಡಚಿಕೊಳ್ಳುತ್ತದೆ. ಗನ್‌ಮೆಟಲ್ ಒಮ್ಮೆಲೇ ಗಟ್ಟಿಯಾಗದೆ ಬಹಳ ಹೊತ್ತು ಅಂಬಲಿಯಂತೆ ಇರುವ ಲೋಹವಾದ್ದರಿಂದ, ಹರಳುಗಳ ನಡುವಿನ ಸಂದುಗಳಿಗೆ ಕೊನೆಯ ದ್ರವ ಹರಿದು ತುಂಬಬೇಕು. ಪೊರೆಗಳು ಆ ದಾರಿಯನ್ನು ತಡೆಯುತ್ತವೆ. ತುಂಬದೆ ಉಳಿದ ಸಂದುಗಳು ಒಂದಕ್ಕೊಂದು ಕೂಡಿ ನೀರಿಗೆ ಹಾದಿಯಾಗುತ್ತವೆ. ಆಮ್ಲಜನಕ ಒದಗಿಸುವ ಫ್ಲಕ್ಸ್ (ಕರಗಿದ ಲೋಹ ಶುದ್ಧಿ ಮಾಡುವ ಪುಡಿ) ಹಾಕಿ ಅಲ್ಯೂಮಿನಿಯಂ ಸುಡಿಸಲು ಸಾಧ್ಯವೇನೋ ಇದೆ. ಆದರೆ ಜೊತೆಗೆ ಸತುವೂ ಸುಟ್ಟುಹೋಗುತ್ತದೆ, ಹುಟ್ಟಿದ ಪೊರೆಯನ್ನು ಪೂರ್ತಿ ತೆಗೆಯುವುದೂ ಕಷ್ಟ. ಅಂದಹಾಗೆ, ಅಲ್ಯೂಮಿನಿಯಂ ಬ್ರಾಂಜ್ ಕೀಳು ಲೋಹವೇನಲ್ಲ. ಹಡಗಿನ ಪ್ರೊಪೆಲ್ಲರನ್ನು ಅದರಿಂದಲೇ ಮಾಡುತ್ತಾರೆ. ನನ್ನ ಮೂಸೆಯಲ್ಲಿ ಅದಕ್ಕೆ ಜಾಗವಿಲ್ಲ, ಅಷ್ಟೆ.

ಇನ್ನು ನಮ್ಮ ‘ಚಿಕಿತ್ಸೆ’ಯ ಗುಟ್ಟು. ಪ್ರತಿ ಹೊಯ್ಲಿನ ರನ್ನರ್ (ಲೋಹ ಅಚ್ಚಿಗೆ ಹರಿದು ಬಂದ ಕಾಲುವೆಯಲ್ಲಿ ಗಟ್ಟಿಯಾದ ಭಾಗ), ರೈಸರ್‌ಗಳನ್ನು ಕತ್ತರಿಸಿ ಮುಂದಿನ ಹೊಯ್ಲಿಗೆ ಸೇರಿಸುವುದು ನಮ್ಮ ರೂಢಿ. ಅದು ನೂರಕ್ಕೆ ನಲವತ್ತು ಕಿಲೋದಷ್ಟಾಗುತ್ತದೆ. ಶೇ. 0.025 ಇದ್ದ ಅಲ್ಯೂಮಿನಿಯಂ ಎರಡನೆಯ ಹೊಯ್ಲಿಗೆ 0.01ಕ್ಕೆ, ಮೂರನೆಯದಕ್ಕೆ 0.004ಕ್ಕೆ ಇಳಿದಿತ್ತು. ರೈಸರಿನಿಂದಲ್ಲ, ಫಾಸ್ಫರಸ್‌ನಿಂದಲೂ ಅಲ್ಲ, ಬರೀ ತೆಳುವಾಗುತ್ತ ಹೋದದ್ದರಿಂದ ಸೋರಿಕೆ ನಿಂತಿತ್ತು. ಅಂದಿನಿಂದ ಪ್ರತಿ ತುಂಡಿನ ಮೇಲೆ ಹೊಯ್ಲಿನ ಸಂಖ್ಯೆಯನ್ನು ಪೇಂಟಿನಲ್ಲಿ ಬರೆಯುತ್ತೇವೆ. ಪರೀಕ್ಷೆ ಮುಗಿಯದ ಹೊಯ್ಲಿನ ಚೂರೊಂದನ್ನೂ ಮೂಸೆಗೆ ಹಾಕುವುದಿಲ್ಲ.

ವಿಂಗಡಣೆಯನ್ನು ಈಗ ನಾನೇ ಕುಳಿತು ನೋಡುತ್ತೇನೆ. ಲೋಹದಲ್ಲಿ ಏನೇನಿದೆಯೆಂದು ತೋರಿಸುವ, ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ನನ್ನ ಶಕ್ತಿಗೆ ಮೀರಿದ್ದು. ಮೊದಲು ಅಯಸ್ಕಾಂತ, ಆಮೇಲೆ ಅರ. ಅರದಿಂದ ಉಜ್ಜಿದ ಜಾಗ ಗನ್‌ಮೆಟಲ್‌ನಲ್ಲಿ ಕೆಂಪು ಛಾಯೆಯದು, ಅಲ್ಯೂಮಿನಿಯಂ ಬ್ರಾಂಜ್‌ನಲ್ಲಿ ಹೊನ್ನಿನ ಬಣ್ಣದ್ದು. ಸಂಜೆಯ ಟ್ಯೂಬ್‌ಲೈಟಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಮೋಸ ಮಾಡುವುದರಿಂದ ಹಗಲಿನಲ್ಲಿ, ಅಂಗಳದಲ್ಲಿಯೇ ವಿಂಗಡಿಸುತ್ತೇವೆ. ಡ್ರಿಲ್ ಹಾಕಿದರೆ ಸೀಸವಿರುವ ಗನ್‌ಮೆಟಲ್‌ನ ಸಿಪ್ಪೆ ಚೂರುಚೂರಾಗಿ ಉದುರುತ್ತದೆ. ಇನ್ನೊಂದರದು ಜಿಗುಟಾಗಿ ಸುರುಳಿಯಾಗುತ್ತದೆ. ಇಷ್ಟಾದರೂ ಅನುಮಾನ ಉಳಿದ ತುಂಡನ್ನು ತಕ್ಕಡಿಗೆ ತೂಗಿಸಿ, ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ಮತ್ತೊಮ್ಮೆ ತೂಗುತ್ತೇವೆ. ನೀರಿನಲ್ಲಿ 100 ಗ್ರಾಂ ಕಳೆದುಕೊಳ್ಳುವ ತುಂಡು ಹೊರಗೆ 880 ಗ್ರಾಂನಷ್ಟು ತೂಗಿದರೆ ಗನ್‌ಮೆಟಲ್. 760 ಗ್ರಾಂನಷ್ಟು ತೂಗಿದರೆ ಬೇರೆ ಗುಡ್ಡೆಗೆ ಹೋಗುತ್ತದೆ. ಹಳೆಯ ಆರ್ಕಿಮಿಡೀಸನ ಬುದ್ಧಿಯೇ ಇದು. ಖರ್ಚು ಒಂದು ಬಕೆಟ್ ನೀರು.

ಅಲ್ಯೂಮಿನಿಯಂ ಭಟ್ಟಿಯಲ್ಲಿ ಕಾಟ ಕೊಡುವುದು ಕಬ್ಬಿಣ, ಅದೂ ಇನ್ನಷ್ಟು ಹಟಮಾರಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಕಬ್ಬಿಣ 1538ಕ್ಕೆ. ಹಾಗಾಗಿ ಬೋಲ್ಟು, ಸ್ಕ್ರೂಗಳು ತಳದಲ್ಲಿ ಉಳಿಯುತ್ತವೆ, ಕೊನೆಗೆ ಎತ್ತಿದರಾಯಿತು ಎಂದು ಹುಡುಗರು ವಾದಿಸುತ್ತಾರೆ. ಅವು ಕರಗದಿದ್ದರೂ ನೀರಿನಲ್ಲಿ ಉಪ್ಪು ಇಳಿಯುವಂತೆ ನಿಧಾನವಾಗಿ ಅಲ್ಯೂಮಿನಿಯಂನೊಳಗೆ ಇಳಿಯುತ್ತವೆ. ಹಾಗೆ ಸೇರಿದ ಕಬ್ಬಿಣ ಸೂಜಿಯಂಥ ಹರಳುಗಳಾಗಿ ಎರಕವನ್ನು ಪೆಡಸು ಮಾಡುತ್ತದೆ. ಅದನ್ನು ಸುಟ್ಟು ತೆಗೆಯಲು ಬಾರದು, ಏಕೆಂದರೆ ಕಬ್ಬಿಣಕ್ಕಿಂತ ಮೊದಲು ಅಲ್ಯೂಮಿನಿಯಮ್ಮೇ ಸುಡುತ್ತದೆ. ಹೊಸ ಇಂಗಾಟು (ಶುದ್ಧ ಲೋಹದ ಗಟ್ಟಿ) ಬೆರೆಸಿ ತೆಳು ಮಾಡುವುದೊಂದೇ ನನ್ನಂಥವನಿಗಿರುವ ದಾರಿ, ಅದಕ್ಕೆ ಗುಜರಿಯ ಲಾಭವೆಲ್ಲ ಖರ್ಚು. ಆದ್ದರಿಂದ ಎಂಜಿನ್ ಭಾಗಗಳ ಬೋಲ್ಟನ್ನು ಮೊದಲೇ ಬಿಚ್ಚಿಸುತ್ತೇನೆ. ಉಕ್ಕಿನ ಎಳೆಯಿರುವ ವಿದ್ಯುತ್ ತಂತಿಯನ್ನು ಸುಲಿಯದೆ ಕೊಳ್ಳುವುದಿಲ್ಲ. ಕಲಕುವ ಕಬ್ಬಿಣದ ಸಲಾಕೆಗೂ ಸುಣ್ಣದ ಲೇಪ ಹಚ್ಚಿಸುತ್ತೇನೆ.

ಗುಜರಿ ಅಂಗಡಿಯವರೊಂದಿಗೆ ಚೌಕಾಸಿಯ ರೀತಿಯೂ ಬದಲಾಗಿದೆ. ಬೆರಕೆ ಚೀಲ ಅಗ್ಗಕ್ಕೆ ಬಂದರೂ ಬೇಡವೆನ್ನುತ್ತೇನೆ, ಬೇರ್ಪಡಿಸಿ ತಂದವರಿಗೆ ಕಿಲೋಗೆ ಹೆಚ್ಚು ಕೊಡುತ್ತೇನೆ. ಹೊರಗಿನ ಲೇತ್ ಸಿಪ್ಪೆಯನ್ನಂತೂ ಕೊಳ್ಳುವುದನ್ನೇ ಬಿಟ್ಟೆ, ಏಕೆಂದರೆ ಅದನ್ನು ಅರದಿಂದ ಉಜ್ಜಿ ನೋಡಲು ಬರುವುದಿಲ್ಲ, ಬಣ್ಣ ನೋಡಿ ಹೇಳಲೂ ಆಗುವುದಿಲ್ಲ. ನಮ್ಮದೇ ಲೇತಿನ ಸಿಪ್ಪೆಯನ್ನು ಬಳಸಬೇಕಾದರೆ ಒಂದು ಲೋಹದ ಕೆಲಸ ಮುಗಿದು ಇನ್ನೊಂದು ಆರಂಭವಾಗುವ ಮೊದಲು ಲೇತಿನ ತಟ್ಟೆಯನ್ನು ಪೂರ್ತಿ ಗುಡಿಸಬೇಕು. ಅದಕ್ಕೆ ಹಿಡಿಯುವ ಹದಿನೈದು ನಿಮಿಷದ ಬಗ್ಗೆ ನಮ್ಮ ಲೇತಿನವನು ಇಂದಿಗೂ ಗೊಣಗುತ್ತಾನೆ, ಗೊಣಗುತ್ತಲೇ ಗುಡಿಸುತ್ತಾನೆ.