ಮಾಗಡಿ ಕೆರೆಯ ಅರ್ಧ ಗಂಟೆ

ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಟೆಂಡರ್. ನಾನು ಅಲ್ಲಿನ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಜನವರಿ ಬಂತೆಂದರೆ ಆವಕ ಏರುತ್ತದೆ, ಊಟಕ್ಕೂ ಹೊತ್ತುಗೊತ್ತಿರುವುದಿಲ್ಲ. ಹಿಮಾಲಯದ ಆಚೆಯಿಂದ ಪಟ್ಟೆ ತಲೆಯ ಹೆಬ್ಬಾತುಗಳು ಬಂದು ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಬೀಡುಬಿಡುವುದೂ ಇದೇ ದಿನಗಳಲ್ಲಿ, ನವೆಂಬರಿನಿಂದ ಫೆಬ್ರುವರಿಯ ತನಕ. ಹೀಗಾಗಿ ನನ್ನ ಪಕ್ಷಿವೀಕ್ಷಣೆ ಎಂದರೆ ವರ್ಷಕ್ಕೆ ಏಳೆಂಟು ರವಿವಾರ. ಅದರಲ್ಲೂ ಲೆಕ್ಕಕ್ಕೆ ಬರುವುದು ದಿನಕ್ಕೆ ಅರ್ಧ ಗಂಟೆ. ಆ ಅರ್ಧ ಗಂಟೆಗಾಗಿ ಏನೇನು ಕೊಂಡೆ, ಯಾವುದು ದಂಡವಾಯಿತು, ಯಾವುದು ಕೈಗೆ ಹತ್ತಿತು ಎಂಬುದರ ಖರ್ಚು-ಜಮೆ ಇದು.

ಮೊದಲ ಸಲ ಹೋದಾಗ ಬೆಳಗಿನ ತಿಂಡಿ ಮುಗಿಸಿ, ಹಾವೇರಿ, ಸವಣೂರು, ಲಕ್ಷ್ಮೇಶ್ವರ ದಾಟಿ ಕೆರೆ ಮುಟ್ಟುವಷ್ಟರಲ್ಲಿ ಹತ್ತೂವರೆ. ಹೆಬ್ಬಾತುಗಳು ಇದ್ದವು. ನಡು ನೀರಿನಲ್ಲಿ ಬೂದು ಬಣ್ಣದ ಕಲ್ಲುಗಳನ್ನು ಸಾಲಾಗಿ ಇಟ್ಟಂತೆ, ಕತ್ತನ್ನು ಬೆನ್ನಿಗೆ ಹುದುಗಿಸಿ ನಿದ್ದೆ ಹೊಡೆಯುತ್ತಿದ್ದವು. ಬಿಸಿಲಿಗೆ ನೀರು ಕಣ್ಣು ಕುಕ್ಕುತ್ತಿತ್ತು. ಒಂದು ತಾಸು ನಿಂತು, ಒಂದು ಚಹಾ ಕುಡಿದು ವಾಪಸಾದೆ. ಮನೆಯಲ್ಲಿ ಕೇಳಿದಾಗ "ಚೆನ್ನಾಗಿತ್ತು" ಎಂದೆ.

ಎರಡನೆಯ ಸಲ ಕೆರೆಯ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬಂದ ಅಜ್ಜ ಒಬ್ಬರು ಸಿಕ್ಕರು. ನನ್ನ ಕೊರಳಲ್ಲಿದ್ದ ದುರ್ಬೀನನ್ನು ನೋಡಿ, "ಮಲಗಿದ ಹಕ್ಕಿಯನ್ನು ಏನು ನೋಡುತ್ತೀ ತಮ್ಮಾ? ಅವುಗಳದು ರಾತ್ರಿ ಪಾಳಿ" ಎಂದರು.

"ಹಾಗಾದರೆ ಯಾವಾಗ ಬರಬೇಕು ಅಜ್ಜಾ?"

"ನಾವು ಎಮ್ಮೆ ಹಿಂಡುವ ಹೊತ್ತಿಗೆ. ಹೊಲದಿಂದ ಹೊಟ್ಟೆ ತುಂಬಿಸಿಕೊಂಡು ಆಗ ಬರುತ್ತವೆ. ಬರುವಾಗಿನ ಗದ್ದಲ ಕೇಳು ನೀನು."

ಇದಕ್ಕಿಂತ ಬೆಲೆಬಾಳುವ ಸಲಹೆ ನನಗೆ ಇಂದಿಗೂ ಸಿಕ್ಕಿಲ್ಲ. ಹೆಬ್ಬಾತುಗಳು ಸಂಜೆ ಕತ್ತಲಾಗುವಾಗ ಸುತ್ತಲಿನ ಹೊಲಗಳಿಗೆ ಏಳುತ್ತವೆ. ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಳು, ಎಳೆಯ ಪೈರು ಮೇಯುತ್ತವೆ. ಬೆಳಗಿನ ಜಾವ ಕೆರೆಗೆ ಮರಳಿ, ಹಗಲೆಲ್ಲ ನೀರಿನಲ್ಲೇ ಕಾಲ ಕಳೆಯುತ್ತವೆ. ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಮೂಡುವುದು ಏಳು ಗಂಟೆಯ ಆಸುಪಾಸು. ಅದಕ್ಕೂ ಮುಂಚಿನ ಅರ್ಧ ಗಂಟೆಯಲ್ಲಿ ನಾನು ಕಂಡಷ್ಟು ಹಾರಾಟವನ್ನು ಉಳಿದ ಇಡೀ ದಿನದಲ್ಲಿ ಕಂಡಿಲ್ಲ. ಆದ್ದರಿಂದ ಈಗ ಶನಿವಾರ ಸಂಜೆಯೇ ಲಕ್ಷ್ಮೇಶ್ವರದ ಅಕ್ಕನ ಮನೆಗೆ ಹೋಗಿ ಮಲಗುತ್ತೇನೆ. ಅಲ್ಲಿಂದ ಕೆರೆಗೆ ಹತ್ತು-ಹನ್ನೊಂದು ಕಿಲೋಮೀಟರ್. ಐದೂಕಾಲಿಗೆ ಬೈಕ್ ಹತ್ತಿದರೆ ಸಾಕು.

ಇನ್ನು ದುರ್ಬೀನು. ನನ್ನ ಮೊದಲ ದುರ್ಬೀನನ್ನು ಜಾತ್ರೆಯ ಅಂಗಡಿಯೊಂದರಲ್ಲಿ ಒಂದೂವರೆ ಸಾವಿರ ಕೊಟ್ಟು ತಂದಿದ್ದೆ. ನೂರು ಪಟ್ಟು ದೊಡ್ಡದಾಗಿ ಕಾಣಿಸುತ್ತದೆ ಎಂದು ಅದರ ಮೈಮೇಲೆ ಬರೆದಿತ್ತು. ದೊಡ್ಡದಾಗಿ ಕಂಡದ್ದು ನನ್ನ ಕೈಯ ನಡುಕ. ಎಷ್ಟು ಪಟ್ಟು ಹಕ್ಕಿ ಹಿಗ್ಗುತ್ತದೋ ಅಷ್ಟೇ ಪಟ್ಟು ನಡುಕವೂ ಹಿಗ್ಗುತ್ತದೆ ಎಂಬುದು ಆಗ ಗೊತ್ತಿರಲಿಲ್ಲ. ಜೊತೆಗೆ ನಸುಕಿನಲ್ಲಿ ಅದರೊಳಗೆ ಬರೀ ಕತ್ತಲೆ.

ಕಾರಣ ಲೆಕ್ಕದಲ್ಲಿದೆ. ದುರ್ಬೀನಿನ ಮೇಲೆ 8×42 ಎಂದು ಬರೆದಿದ್ದರೆ 8 ಎಂದರೆ ಎಂಟು ಪಟ್ಟು, 42 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 5.25 ಬರುತ್ತದೆ. ಕಣ್ಣಿಗೆ ತಲುಪುವ ಬೆಳಕಿನ ಬಿಲ್ಲೆ ಅಷ್ಟು ಮಿಲಿಮೀಟರ್ ಅಗಲ ಇರುತ್ತದೆ. 20×50 ಆದರೆ ಬಿಲ್ಲೆ ಬರೀ 2.5. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಕಿರಿದಾಗಿರುವುದರಿಂದ ವ್ಯತ್ಯಾಸ ತಿಳಿಯುವುದಿಲ್ಲ. ನಸುಕಿನಲ್ಲಿ ಪಾಪೆ ಅರಳಿದಾಗ ಸಣ್ಣ ಬಿಲ್ಲೆ ಸಾಲದು, ಚಿತ್ರ ಮಂಕಾಗುತ್ತದೆ. ಅಂಗಡಿಯಲ್ಲೇ ಇದನ್ನು ಪರೀಕ್ಷಿಸಬಹುದು. ದುರ್ಬೀನನ್ನು ಕೈ ಚಾಚಿ ಹಿಡಿದು ಕಿಟಕಿಯ ಕಡೆ ತಿರುಗಿಸಿ, ಕಣ್ಣಿಡುವ ಗಾಜಿನ ಕಡೆಯಿಂದ ನೋಡಿ. ಎರಡರಲ್ಲೂ ದುಂಡನೆಯ ಬೆಳಕಿನ ಬಿಲ್ಲೆ ಕಾಣಬೇಕು. ಅಂಚು ಚೌಕವಾಗಿ ಕತ್ತರಿಸಿದಂತಿದ್ದರೆ ಒಳಗಿನ ಪಟ್ಟಕದಲ್ಲಿ (ಬೆಳಕನ್ನು ತಿರುಗಿಸುವ ಗಾಜಿನ ತುಂಡು, ಪ್ರಿಸಂ) ಕಂಜೂಸಿ ಮಾಡಿದ್ದಾರೆ ಎಂದೇ ಅರ್ಥ. ಹನ್ನೊಂದು ಸಾವಿರ ಕೊಟ್ಟು 8×42 ತಂದು ಆರು ವರ್ಷವಾಯಿತು. ಮನೆಯಲ್ಲಿ ಬೆಲೆ ಹೇಳಿದ್ದು ಏಳು ಸಾವಿರ.

ದುರ್ಬೀನನ್ನು ಹೊಂದಿಸಿಕೊಳ್ಳುವುದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ, ಆಮೇಲೆ ತಲೆನೋವು ಎನ್ನುತ್ತಾರೆ. ನಮ್ಮ ಎರಡು ಕಣ್ಣುಗಳ ಶಕ್ತಿ ಒಂದೇ ಇರುವುದಿಲ್ಲ. ನಾನು ಮಾಡಿದ್ದು ಹೀಗೆ. ಅಂಗಡಿಯ ಮಾಳಿಗೆ ಹತ್ತಿ, ದೂರದ ಗೋದಾಮಿನ ಫಲಕವನ್ನು ಗುರಿ ಇಟ್ಟುಕೊಂಡೆ. ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ನಡುವಿನ ಗಾಲಿ ತಿರುಗಿಸಿ ಎಡಗಣ್ಣಿಗೆ ಅಕ್ಷರ ಸ್ಪಷ್ಟ ಮಾಡಿಕೊಂಡೆ. ಆಮೇಲೆ ಎಡಗಡೆಯದನ್ನು ಮುಚ್ಚಿ, ಗಾಲಿಯನ್ನು ಮುಟ್ಟದೆ, ಬಲಗಣ್ಣಿನ ಬಳಿ ಇರುವ ಬಳೆಯನ್ನು ಮಾತ್ರ ತಿರುಗಿಸಿದೆ. ಎರಡೂ ತೆರೆದಾಗ ಫಲಕ ಎದ್ದು ಕಣ್ಣಿಗೆ ಬಂತು. ಬಳೆ ನಿಂತ ಜಾಗಕ್ಕೆ ಮಗಳ ಉಗುರುಬಣ್ಣದಿಂದ ಒಂದು ಚುಕ್ಕೆ ಇಟ್ಟೆ. ಯಾರಾದರೂ ಇಸಿದುಕೊಂಡು ತಿರುಗಿಸಿ ಕೊಟ್ಟರೆ ಕತ್ತಲಲ್ಲೂ ಮತ್ತೆ ಚುಕ್ಕೆಗೆ ತರಬಹುದು. ಕನ್ನಡಕ ಇರುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಕೆಳಗಿಳಿಸಿ ನೋಡಬೇಕು, ಇಲ್ಲದವರು ಮೇಲೆತ್ತಿ.

ಹಾರುವ ಹಕ್ಕಿಯನ್ನು ಗಾಜಿನೊಳಗೆ ಹಿಡಿಯುವುದು ಬೇರೆಯದೇ ವಿದ್ಯೆ. ಮೊದಮೊದಲು ನಾನು ದುರ್ಬೀನನ್ನು ಕಣ್ಣಿಗಿಟ್ಟುಕೊಂಡು ಆಕಾಶವನ್ನೆಲ್ಲ ಜಾಲಾಡುತ್ತಿದ್ದೆ, ಸಿಗುತ್ತಿದ್ದುದು ಬರೀ ಆಕಾಶ. ನೋಟವನ್ನು ಹಕ್ಕಿಯಿಂದ ಕೀಳಬಾರದು, ದುರ್ಬೀನೇ ಎದ್ದು ಕಣ್ಣಿಗೆ ಬರಬೇಕು. ಮಾರುಕಟ್ಟೆಯ ಮೇಲೆ ಸುತ್ತುವ ಹದ್ದುಗಳ ಮೇಲೆ ತಿಂಗಳುಗಟ್ಟಲೆ ರೂಢಿ ಮಾಡಿದೆ. ಹಮಾಲರು ನಕ್ಕರು, ಆಮೇಲೆ ಅವರೇ "ಅಣ್ಣಾವರೇ, ಅಗೋ ಅಲ್ಲೊಂದು" ಎಂದು ತೋರಿಸತೊಡಗಿದರು.

ಮೆಣಸಿನಕಾಯಿಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಕಣ್ಣಿಗೆ ಹೋದಾಗ ಅದು ಸುಳ್ಳು. ಒಂದು ಶನಿವಾರ ಲಾಟುಗಳ ನಡುವೆ ಓಡಾಡಿದ ಸ್ವೆಟರಿನಲ್ಲೇ, ಮಾದರಿ ಮುರಿದು ನೋಡಿದ ಬೆರಳುಗಳಲ್ಲೇ ಹೊರಟುಬಿಟ್ಟಿದ್ದೆ. ಮರುದಿನ ಏರಿಯ ಮೇಲೆ ಕುಳಿತು, ಮೊದಲ ಹಿಂಡಿನ ಕೂಗು ಕೇಳಿ, ದುರ್ಬೀನಿನ ರಬ್ಬರ್ ಬಟ್ಟಲನ್ನು ಬೆರಳಿನಿಂದ ಸರಿಪಡಿಸಿ ಕಣ್ಣಿಗೆ ಒತ್ತಿಕೊಂಡೆ. ನಾಲ್ಕು ಕ್ಷಣ ಏನೂ ಇಲ್ಲ. ಆಮೇಲೆ ಎರಡೂ ಕಣ್ಣು ಉರಿದವು. ನೀರು ಸುರಿಯುತ್ತಿದ್ದ ಕಣ್ಣನ್ನು ಸ್ವೆಟರಿನ ತೋಳಿನಿಂದ ಒರೆಸಿದೆ, ಅಲ್ಲಿಗೆ ಮೂಗೂ ಸೇರಿಕೊಂಡಿತು. ಒಂದರ ಮೇಲೊಂದು ಏಳು ಸೀನು. ಎದುರಿಗೆ ಇಳಿದಿದ್ದ ಹಿಂಡು ಒಮ್ಮೆಲೇ ಕತ್ತು ನಿಗುರಿಸಿತು, ನಂತರ ಎದ್ದು ಆಚೆ ದಂಡೆಗೆ ಹೋಯಿತು. ಅಂದಿನಿಂದ ಕೆರೆಯ ಸ್ವೆಟರಿಗೆ ಮನೆಯಲ್ಲಿ ಬೇರೆ ಮೊಳೆ. ದುರ್ಬೀನು ಮುಚ್ಚಳವಿರುವ ಡಬ್ಬಿಯಲ್ಲಿ ಇರುತ್ತದೆ, ಜೊತೆಗೆ ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ. ಗಾಜಿನ ಮೇಲೆ ದೂಳು ಕೂತರೆ ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಬೇಕು, ಆಮೇಲೆ ಮೆತ್ತನೆಯ ಕುಂಚ, ಕೊನೆಗೆ ಬಟ್ಟೆ. ದೂಳಿನ ಮೇಲೇ ಪಂಚೆಯ ಚುಂಗಿನಿಂದ ತಿಕ್ಕಿದರೆ ಗಾಜಿನ ಮೇಲಿನ ಲೇಪಕ್ಕೆ ಗೀರು ಬೀಳುತ್ತದೆ.

ಕುಳಿತುಕೊಳ್ಳುವ ಜಾಗವನ್ನು ಎರಡು ನೋಡಿ ಆರಿಸುತ್ತೇನೆ, ಬೆಳಕು ಮತ್ತು ಗಾಳಿ. ಬೆಳಗ್ಗೆ ಪೂರ್ವದ ದಂಡೆಯಲ್ಲಿದ್ದರೆ ಸೂರ್ಯ ಬೆನ್ನಿಗೆ ಬರುತ್ತಾನೆ, ಹಕ್ಕಿಯ ಮುಖಕ್ಕೆ ಬೆಳಕು ಬೀಳುತ್ತದೆ. ಸೂರ್ಯನಿಗೆ ಎದುರಾಗಿ ಕುಳಿತರೆ ಕಾಣುವುದು ಕರಿ ನೆರಳು ಮಾತ್ರ. ಗಾಳಿಯ ವಿಷಯ ನನಗೆ ತಡವಾಗಿ ಹೊಳೆಯಿತು. ನೀರಿಗೆ ಇಳಿಯುವಾಗ ಹೆಬ್ಬಾತುಗಳು ಗಾಳಿಗೆ ಮುಖ ಮಾಡಿಯೇ ಇಳಿಯುತ್ತವೆ. ಗಾಳಿ ನನ್ನ ಬೆನ್ನಿಗೆ ತಾಗುತ್ತಿದ್ದರೆ ಹಿಂಡು ನನ್ನತ್ತ ಮುಖ ಮಾಡಿ ಇಳಿಯುತ್ತದೆ: ರೆಕ್ಕೆ ಬಾಗಿಸಿ, ಕಿತ್ತಳೆ ಬಣ್ಣದ ಕಾಲುಗಳನ್ನು ಮುಂದಕ್ಕೆ ಚಾಚಿ. ಚಿಟಿಕೆ ಒಣಮಣ್ಣನ್ನು ಮೇಲಿನಿಂದ ಬಿಟ್ಟು ನೋಡಿದರೆ ಗಾಳಿಯ ದಿಕ್ಕು ಗೊತ್ತಾಗುತ್ತದೆ. ಕಣದಲ್ಲಿ ಜೋಳ ತೂರುವವರು ಮಾಡುವುದೂ ಅದನ್ನೇ.

ಮಡಚುವ ಕುರ್ಚಿ ಕೊಂಡದ್ದು ದಂಡ. ಅದರ ಮೇಲೆ ಕುಳಿತರೆ ಏರಿಯ ಮೇಲೆ ತಲೆ ಎದ್ದು ಕಾಣುತ್ತದೆ. ಎರಡು ಮಡಿಕೆ ಹಾಕಿದ ಗೋಣಿತಟ್ಟು ಸಾಕು, ನಮ್ಮ ಅಂಗಡಿಯಲ್ಲಿ ಅದಕ್ಕೇನೂ ಬರವಿಲ್ಲ (ಮೆಣಸಿನಕಾಯಿ ಚೀಲ ಅಲ್ಲ, ಗೋಧಿ ಚೀಲ!). ಮಂಡಿ ಮಡಚಿ, ಮೊಣಕೈಗಳನ್ನು ಮಂಡಿಗೆ ಊರಿದರೆ ದುರ್ಬೀನು ಕಲ್ಲಿನಂತೆ ನಿಲ್ಲುತ್ತದೆ. ಮೇಲೆ ಕುರುಬರ ಕರಿ ಕಂಬಳಿ. ಹೊಳೆಯುವ ಜಾಕೆಟ್‌ಗಳಿಗಿಂತ ಅದೇ ಮೇಲು. ಮಂಜಿಗೆ ಹಸಿಯಾದರೂ ಬೆಚ್ಚಗಿರುತ್ತದೆ, ಸರಸರ ಸದ್ದಿಲ್ಲ, ದೂರದಿಂದ ನೋಡಿದರೆ ಹಕ್ಕಿಗೆ ಕುರಿ ಕಾಯುವವನೊಬ್ಬ ಕುಳಿತಂತೆ. ಬೈಕಿನ ಮೇಲೆ ಎದೆಗೆ ಹೊಡೆಯುವ ಗಾಳಿಗೆ ಸ್ವೆಟರಿನ ಒಳಗೆ ಒಂದು ಹಳೆಯ ದಿನಪತ್ರಿಕೆ. ಕೈಗವಸಿನ ತೋರುಬೆರಳಿನ ತುದಿ ಕತ್ತರಿಸಿದ್ದೇನೆ, ಗಾಲಿ ತಿರುಗಿಸಲು. ಬುತ್ತಿಗೆ ಖಡಕ್ ರೊಟ್ಟಿ ಒಯ್ಯಬೇಡಿ. ಆ ನಿಶ್ಶಬ್ದದಲ್ಲಿ ಒಂದು ತುತ್ತು ಮುರಿದರೆ ಕೆರೆಗೆಲ್ಲ ಕೇಳುತ್ತದೆ. ಮೆತ್ತನೆಯ ರೊಟ್ಟಿ, ಶೇಂಗಾ ಚಟ್ನಿ, ಅದೂ ಎಂಟರ ನಂತರ.

ಎಣಿಕೆಯಲ್ಲಿ ಮಾತ್ರ ನನಗೆ ಕಸುಬು ಕೈಹಿಡಿಯಿತು. ಚೀಲಗಳ ನಿಟ್ಟು ನೋಡಿ ಅಂದಾಜು ಹೇಳುವವನು ಒಂದೊಂದೇ ಎಣಿಸುವುದಿಲ್ಲ. ಹತ್ತು ಚೀಲ ಎಷ್ಟು ಜಾಗ ಹಿಡಿಯುತ್ತವೆ ಎಂದು ಕಣ್ಣಿಗೆ ಕೂರಿಸಿಕೊಂಡು, ಆ ಅಳತೆಯನ್ನು ಉದ್ದಕ್ಕೂ ಇಡುತ್ತಾ ಹೋಗುತ್ತಾನೆ. ಹಿಂಡಿಗೂ ಅದೇ ರೀತಿ. ಮೊದಲು ಹತ್ತು ಹಕ್ಕಿ, ದೊಡ್ಡ ಹಿಂಡಾದರೆ ಐವತ್ತರ ಅಳತೆ. ಹೊಸಬರು ಸಾಮಾನ್ಯವಾಗಿ ಕಡಿಮೆ ಎಣಿಸುತ್ತಾರೆ. ದಟ್ಟವಾಗಿ ಕುಳಿತ ನಡುಭಾಗಕ್ಕೂ ಚದುರಿದ ಅಂಚಿಗೂ ಒಂದೇ ಅಳತೆ ಇಡುವುದೇ ತಪ್ಪಿಗೆ ಮೂಲ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ, ಹವ್ಯಾಸಿಗಳೇ ಎಣಿಸುತ್ತಾರೆ. ಒಂದು ವರ್ಷ ನಾನೂ ಸೇರಿಕೊಂಡಿದ್ದೆ. ಅಲ್ಲಿ ಕಲಿತ ಇನ್ನೊಂದು: ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇದ್ದರೆ ಬಲಿತ ಹಕ್ಕಿ. ಪಟ್ಟೆ ಇನ್ನೂ ಮೂಡದೆ ನೆತ್ತಿಯಿಂದ ಕತ್ತಿನ ಹಿಂಬದಿಯವರೆಗೆ ಬರೀ ಕಂದುಬಣ್ಣವಿದ್ದರೆ ಅದು ಆ ವರ್ಷದ ಮರಿ. ಮೊದಲ ಚಳಿಗಾಲದಲ್ಲೇ ಹಿಮಾಲಯ ದಾಟಿ ಬಂದಿರುತ್ತದೆ. ಜಿಪಿಎಸ್ ಕಟ್ಟಿ ಹಿಂಬಾಲಿಸಿದ ಹೆಬ್ಬಾತುಗಳು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ನಾನು ಮರಿಗಳನ್ನು ಬೇರೆ ಕಾಲಂನಲ್ಲಿ ಬರೆಯುತ್ತೇನೆ.

ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿದ್ದುಂಟು. ಪಟ್ಟಿಯ ಮೇಲಿನ ಅಕ್ಷರ ಓದಲು ಎಂಟು ಪಟ್ಟು ಸಾಲದು, ಮುಕ್ಕಾಲಿಯ ಮೇಲೆ ನಿಲ್ಲಿಸುವ ಟೆಲಿಸ್ಕೋಪ್ ಬೇಕು. ಅದು ನನ್ನ ಬಳಿ ಇಲ್ಲ. ಗಣತಿಯ ದಿನ ಬೇರೆಯವರದರಲ್ಲಿ ಇಣುಕಿದ್ದೇನೆ. ಅದರ ಬೆಲೆಯನ್ನು ಮನೆಯಲ್ಲಿ ಎಷ್ಟು ಇಳಿಸಿ ಹೇಳಿದರೂ ನಡೆಯುವುದಿಲ್ಲ.

2024ರ ಜನವರಿಯಲ್ಲಿ ಅಂಕಸಮುದ್ರ, ಅಘನಾಶಿನಿಗಳ ಜೊತೆ ಮಾಗಡಿ ಕೆರೆಯೂ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಿತು. ಅದಾದ ಮೇಲೆ ರವಿವಾರ ಕಾರುಗಳು ಹೆಚ್ಚಿವೆ. ಬರಲಿ. ಆದರೆ ಫೋಟೋಗಾಗಿ ನೀರಿನಂಚಿಗೆ ಇಳಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂದೆರಡು ಹಕ್ಕಿ ಕತ್ತೆತ್ತಿದರೆ ಅದು ಕಾವಲು. ಎಲ್ಲವೂ ಒಟ್ಟಿಗೆ ಕತ್ತು ನಿಗುರಿಸಿ ಸುಮ್ಮನಾದರೆ ಮುಂದಿನ ಹೆಜ್ಜೆಗೆ ಎದ್ದುಬಿಡುತ್ತವೆ. ಅಲ್ಲಿಗೆ ನಿಂತು, ಎರಡು ಹೆಜ್ಜೆ ಹಿಂದೆ ಸರಿಯಬೇಕು. ರಾತ್ರಿಯಿಡೀ ಮೇಯ್ದು ಬಂದ ಜೀವಕ್ಕೆ ಹಗಲಿನ ನಿದ್ದೆ ಕೆಟ್ಟರೆ ಹೇಗಿರುತ್ತದೆ ಎಂಬುದನ್ನು ಹಂಗಾಮಿನಲ್ಲಿ ಲಾರಿ ತುಂಬಿಸಿದ ನಮ್ಮ ಹಮಾಲರನ್ನು ಕೇಳಬೇಕು.

ಆ ಹಮಾಲರಲ್ಲೇ ಒಬ್ಬ ಹುಡುಗ ಈ ಸಲ ತಾನೂ ಬರುತ್ತೇನೆ ಎಂದು ಗಂಟುಬಿದ್ದಿದ್ದಾನೆ. ಮೊನ್ನೆ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಮಾಳಿಗೆಗೆ ಬಂದು, ಹದ್ದು ನೋಡಲೆಂದು ದುರ್ಬೀನಿಗೆ ಕೈ ಚಾಚಿದ. ಕೆಂಪಗೆ ದೂಳು ಹತ್ತಿದ ಆ ಬೆರಳುಗಳನ್ನು ನೋಡಿ ನಾನು ಡಬ್ಬಿಯ ಮುಚ್ಚಳ ಹಾಕಿದೆ.

"ಕೆಳಗೆ ನಲ್ಲಿಯ ಹತ್ತಿರ ಸಾಬೂನು ಇದೆ. ಮೊಣಕೈ ತನಕ ತೊಳೆದುಕೊಂಡು ಬಾ."